ಓಡಿ ಬರುವ ತಂದೆ

ಪ್ರಾರ್ಥನೆಯ ಬಗ್ಗೆ ನೀವು ಬರೆದ ಲೇಖನ ಮನಸ್ಸಿಗೆ ಹತ್ತಿರವಾಯಿತು. ಪ್ರಾರ್ಥನೆಗೆ ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂತು, ದೇವರು ನನ್ನನ್ನು ಪ್ರೀತಿಸುವ ತಂದೆ ಎಂದು ಧ್ಯಾನಿಸಿ ಅಂತ ಬರೆದಿದ್ದೀರಿ. ಆದರೆ ಅಪ್ಪ ಎಂದರೆ ಬೈಗುಳ, ಏಟು ಮಾತ್ರ ನೆನಪಿರುವವರೂ ಇದ್ದಾರೆ, ಅಲ್ವಾ? ಅಂಥವರು ತಮ್ಮ ಮನೆಯ ನೆನಪಿನಿಂದ ಶುರು ಮಾಡುವುದು ಬೇಡ. ಯೇಸು ತೋರಿಸಿದ ತಂದೆಯಿಂದ ಶುರು ಮಾಡಲಿ.

ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ದುಂದುಗಾರ ಮಗನ ಕಥೆಯನ್ನು ನಿಧಾನವಾಗಿ ಓದಿ. ತನ್ನ ಪಾಲಿನ ಆಸ್ತಿ ಪಡೆದು ದೂರ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿಕೊಂಡು ಮನೆಗೆ ಮರಳಲು ನಿರ್ಧರಿಸುತ್ತಾನೆ. ಹೊರಡುವ ಮೊದಲೇ ತಂದೆಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾನೆ: ತಪ್ಪು ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಿನಂತೆ ಇಟ್ಟುಕೋ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ನೋಡಿ, ಓಡಿ ಬಂದು, ತಬ್ಬಿ ಮುದ್ದಿಡುತ್ತಾನೆ. ಮಗ ತಪ್ಪು ಒಪ್ಪಿಕೊಳ್ಳುತ್ತಾನೆ. ಆದರೆ ಕೂಲಿಯಾಳಿನ ಮಾತು ಅವನ ಬಾಯಿಂದ ಬರುವುದೇ ಇಲ್ಲ! ಅಷ್ಟರಲ್ಲಿ ತಂದೆ ಒಳ್ಳೆಯ ನಿಲುವಂಗಿ, ಉಂಗುರ, ಕೆರ ತರಲು ಆಳುಗಳಿಗೆ ಹೇಳುತ್ತಿದ್ದಾನೆ. ಧ್ಯಾನಕ್ಕೆ ಇಷ್ಟೇ ಸಾಕು. ಮುಂದೆ ಓದಲು ಅವಸರ ಬೇಡ.

ಹಿರಿಯ ಮಗನಿಗೂ ಒಂದು ದಿನ ಇಡಿ. ತಪ್ಪು ಮಾಡಿದ ತಮ್ಮನಿಗೆ ಇಷ್ಟು ಸಂಭ್ರಮವೇ ಎಂದು ಮುನಿಸಿಕೊಂಡು ಹೊರಗೆ ನಿಂತ ಅವನನ್ನು ಕರೆಯಲೂ ತಂದೆಯೇ ಬರುತ್ತಾನೆ. ಚರ್ಚಿಗೆ ತಪ್ಪದೆ ಹೋಗುವವರಿಗೆ ಈ ಭಾಗವೇ ಜಾಸ್ತಿ ಬೇಕು ಅನಿಸುತ್ತದೆ.

ಇನ್ನೊಂದು ವಿಷಯ. ತಂದೆ ಎಂದು ಕರೆದ ಮಾತ್ರಕ್ಕೆ ಕೇಳಿದ್ದೆಲ್ಲ ಸಿಗುತ್ತದೆ ಅಂತಲ್ಲ. ಸೆರೆಯಾಗುವ ಮೊದಲು ಗೆತ್ಸೇಮನೆ ತೋಟದಲ್ಲಿ ಯೇಸು ತಂದೆಯನ್ನು ಕರೆದೇ, ಈ ಸಂಕಟ ತಪ್ಪಿಸು ಎಂದು ಬೇಡಿಕೊಂಡರು. ಆದರೂ ಶಿಲುಬೆ ತಪ್ಪಲಿಲ್ಲ. ಉತ್ತರ ಸಿಗದೆ ನೊಂದವರು ಈ ತಂದೆಯನ್ನು ಹೇಗೆ ಧ್ಯಾನಿಸಬೇಕು ಎಂಬುದರ ಬಗ್ಗೆಯೂ ದಯವಿಟ್ಟು ಬರೆಯಿರಿ.