ಜಾಕಾ ಸೆಂಬುಂಗ್ ಬೈಕ್ ಹತ್ತಿದ

ಜಕಾರ್ತಾದಲ್ಲಿರುವ ಸಹೋದ್ಯೋಗಿಯೊಬ್ಬರ ಜೊತೆ ನನಗೆ ವಾರಕ್ಕೊಂದು ವೀಡಿಯೊ ಮೀಟಿಂಗ್. ಒಂದು ಸಲ ಲೆಕ್ಕದ ಶೀಟಿನಿಂದ ಶುರು ಮಾಡಿದವನು ಬೆಂಗಳೂರಿನ ಮಳೆ, ಮನೆ ಬಾಡಿಗೆ, ಅವರೆಕಾಯಿ ರೇಟು ಅಂತ ಎಲ್ಲೆಲ್ಲಿಗೋ ಹೋಗಿಬಿಟ್ಟೆ. ಅವರು ಪಾಪ, ಎಲ್ಲಾ ಕೇಳಿಸಿಕೊಂಡರು. ಕೊನೆಗೆ ನಕ್ಕು ಒಂದು ಸಾಲು ಬಿಟ್ಟರು: "ಜಾಕಾ ಸೆಂಬುಂಗ್ ನಾಯಿಕ್ ಓಜೆಕ್, ಎಂಗ್ಗಾ ನ್ಯಾಂಬುಂಗ್, ಜೆಕ್!"

ಓಜೆಕ್ ಅಂದರೆ ಅಲ್ಲಿನ ಬಾಡಿಗೆ ಬೈಕು. ನ್ಯಾಂಬುಂಗ್ ಅಂದರೆ ಕೂಡುವುದು, ಒಂದಕ್ಕೊಂದು ಸೇರಿಕೊಳ್ಳುವುದು. ಒಟ್ಟಿನಲ್ಲಿ, 'ಜಾಕಾ ಸೆಂಬುಂಗ್ ಬೈಕ್ ಹತ್ತಿದ, ಮಾತು ಕೂಡ್ತಾ ಇಲ್ಲ ಮಾರಾಯ' ಅಂತ. ಯಾರಾದರೂ ಸಂಬಂಧ ಇಲ್ಲದ ಮಾತಾಡಿದರೆ ಅಲ್ಲಿನವರು ತಮಾಷೆಗೆ ಹೀಗೆ ಹೇಳುತ್ತಾರಂತೆ. ಇದಕ್ಕೆ ಇನ್ನೊಂದು ಪಾಠವೂ ಇದೆ. ಅದರಲ್ಲಿ ಜಾಕಾ ಬೈಕ್ ಹತ್ತುವುದಿಲ್ಲ, ಗೋಲೊಕ್ ಹಿಡಿದು ಬರುತ್ತಾನೆ. ಗೋಲೊಕ್ ಅಂದರೆ ನಮ್ಮ ಮಚ್ಚಿನಂಥದ್ದು. ಅದಕ್ಕೆ ಪ್ರಾಸವಾಗಿ ಕೊನೆಗೆ 'ಗೋಬ್ಲೊಕ್' ಬರುತ್ತದೆ. ಹಾಗಂದರೆ ದಡ್ಡ. ನನಗೆ ಅವರು ಮರ್ಯಾದೆಯ ಪಾಠವನ್ನೇ ಹೇಳಿದ್ದರು ಅಂತ ಆಮೇಲೆ ಗೊತ್ತಾಯಿತು.

ನಾವಾಗಿದ್ದರೆ 'ಎತ್ತಣ ಮಾಮರ, ಎತ್ತಣ ಕೋಗಿಲೆ' ಅನ್ನುತ್ತಿದ್ದೆವು. ಅದೂ ತಮಾಷೆಯೇ. ವಚನದಲ್ಲಿ ಆ ಮಾತು ಎಲ್ಲಿಯದೋ ಎಲ್ಲಿಗೋ ಸಂಬಂಧ ಕೂಡಿಬಂದ ಬೆರಗಿಗೆ ಹುಟ್ಟಿದ್ದು. ನಾವು ಅದನ್ನು ಸಂಬಂಧವೇ ಇಲ್ಲ ಅಂತ ರೇಗಿಸೋಕೆ ಇಟ್ಟುಕೊಂಡಿದ್ದೇವೆ.

ಇರಲಿ. ಈ ಜಾಕಾ ಯಾರು ಅಂತ ಕೇಳಿದೆ. "1981ರ ಸಿನಿಮಾ ಇದೆ, ನೋಡಿ" ಅಂದರು.

ಹಾಗಾಗಿ ಒಂದು ಭಾನುವಾರ ಸಂಜೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಪಕ್ಕದಲ್ಲಿ ಅಮ್ಮ ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಪುಳಕ್ಕನೆ ಬೇಳೆ ಪಾತ್ರೆಗೆ, ಸಿಪ್ಪೆ ಪೇಪರಿಗೆ.

"ಯಾವ ಪಿಕ್ಚರೋ?"

"ಇಂಡೋನೇಷ್ಯಾದ್ದು ಕಣಮ್ಮ. ಜಾಕಾ ಸೆಂಬುಂಗ್."

"ಚೆಂಬಾ?"

"ಸೆಂಬುಂಗ್. ಹೀರೋ ಹೆಸರು."

"ಹೂಂ" ಅಂದು ಕನ್ನಡಕ ಮೇಲೇರಿಸಿದರು. ನಾನು ನೋಡುತ್ತಿದ್ದದ್ದು ಇಂಗ್ಲಿಷಿಗೆ ಡಬ್ ಆದ ಪ್ರತಿ. ತುಟಿ ನಿಂತ ಮೇಲೂ ಮಾತು ಬರುತ್ತಿತ್ತು, ಮಾತು ನಿಂತ ಮೇಲೂ ತುಟಿ ಆಡುತ್ತಿತ್ತು. ಎಂಗ್ಗಾ ನ್ಯಾಂಬುಂಗ್.

ಕಥೆ ಪಶ್ಚಿಮ ಜಾವಾದ್ದು. ಡಚ್ಚರ ಆಳ್ವಿಕೆ. ಹೀರೋ ಪಾರ್ಮಿನ್ ಅವರ ಸೆರೆಯಿಂದ ತಪ್ಪಿಸಿಕೊಳ್ಳುತ್ತಾನೆ. ಅವನೇ ಜಾಕಾ ಸೆಂಬುಂಗ್. ಜಾಕಾ ಅಂದರೆ ಜಾವಾದ ಮಾತಿನಲ್ಲಿ ಮದುವೆಯಾಗದ ಹುಡುಗ. ಅವನನ್ನು ಹಿಡಿಯೋಕೆ ಡಚ್ ಕ್ಯಾಪ್ಟನ್ ಮೊದಲು ಬೆಂಕಿ ಉಗುಳುವ ದಾಂಡಿಗನೊಬ್ಬನನ್ನು ಬಿಡುತ್ತಾನೆ. ಅವನ ಕೈಯಲ್ಲಿ ಆಗದಿದ್ದಾಗ ಸತ್ತುಹೋಗಿದ್ದ ಮಾಂತ್ರಿಕನನ್ನೇ ಎಬ್ಬಿಸಿ ತರುತ್ತಾರೆ. ಹೀರೋನ ಕಣ್ಣು ಕೀಳುತ್ತಾರೆ. ಮಂತ್ರ ಹಾಕಿ ಹಂದಿ ಮಾಡುತ್ತಾರೆ. ಆಮೇಲೆ ಅವನಿಗೆ ಬೇರೆಯವರ ಕಣ್ಣು ಕೂಡಿಸುತ್ತಾರೆ. ಒಂದು ಸೀನಿಗೂ ಮುಂದಿನ ಸೀನಿಗೂ ನಡುವೆ ಏನಾಯಿತು ಅಂತ ಕೇಳುವವರು ಈ ಪಿಕ್ಚರ್ ನೋಡಬಾರದು.

ಹೊಡೆದಾಟ ಮಾತ್ರ ಜೋರು. ಅಲ್ಲಿನ ಸಾಂಪ್ರದಾಯಿಕ ಕಲೆ ಪೆಂಚಾಕ್ ಸಿಲಾಟ್. ಮಂಡಿ ಬಗ್ಗಿಸಿ, ಮೈ ತಗ್ಗಿಸಿ, ನೆಲಕ್ಕೆ ಅಂಟಿಕೊಂಡ ಹಾಗೆ ನಿಲ್ಲುತ್ತಾರೆ. ಆ ನಿಲುವಿಗೆ 'ಕುದಾ-ಕುದಾ' ಅಂತ ಹೆಸರು. ಕುದಾ ಅಂದರೆ ಕುದುರೆ! ಕುದುರೆಗೆ ಅಷ್ಟು ಹತ್ತಿರದ ಪದ ಸಮುದ್ರದಾಚೆ ಸಿಕ್ಕಿದ್ದಕ್ಕೆ ಸುಮ್ನೆ ಖುಷಿಯಾಯಿತು. ಆದರೆ ಹೀರೋ ಬ್ಯಾರಿ ಪ್ರೀಮಾ ಕಲಿತಿದ್ದು ಕೊರಿಯಾದ ಟೇಕ್ವಾಂಡೋ. ಹಾಗಾಗಿ ಅವನು ಕುದುರೆಯ ಹಾಗೆ ನಿಂತು ಕತ್ತೆಯ ಹಾಗೆ ಒದೆಯುತ್ತಾನೆ. ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ, ಆ ಒದೆತಗಳನ್ನು ನೋಡಬೇಕು.

ಮಾಂತ್ರಿಕನ ತಲೆ ಹಾರಿದಾಗ ಅಮ್ಮನ ಕೈ ನಿಂತಿತು. ತಲೆ ಮತ್ತೆ ಮುಂಡಕ್ಕೆ ಬಂದು ಕೂತಿತು.

"ಅಯ್ಯೋ, ಇದು ಜರಾಸಂಧನ ಕಥೆ ಅಲ್ವೇನೋ!"

ನನಗೆ ಅದು ಹೊಳೆದೇ ಇರಲಿಲ್ಲ. ಎರಡು ಹೋಳಾಗಿ ಹುಟ್ಟಿದ ಮಗು, ಜರೆ ಎಂಬ ರಾಕ್ಷಸಿ ಕೂಡಿಸಿ ಜೀವ ಬಂದವನು. ಭೀಮ ಸೀಳಿ ಎಸೆದಷ್ಟೂ ಕೂಡಿಕೊಳ್ಳುತ್ತಿದ್ದ. ಅಮ್ಮ ಹೀರೋಗೆ ಕನ್ನಡದಲ್ಲೇ ಸಲಹೆ ಕೊಡತೊಡಗಿದರು. "ಎರಡು ಕಡೆಗೆ ತಿರುಗಿಸಿ ಎಸೀಬೇಕಪ್ಪ, ಹಾಗೆ ಒಂದೇ ಕಡೆ ಬಿಟ್ರೆ ಕೂಡ್ಕೊಳ್ಳಲ್ವಾ?"

ಜಾವಾದಲ್ಲಿ ಈ ವಿದ್ಯೆಗೆ 'ರಾವಾ ರೊಂಟೆಕ್' ಅನ್ನುತ್ತಾರೆ. ಅದರ ಷರತ್ತು ಬೇರೆ. ಕಡಿದ ತುಂಡು ನೆಲ ಮುಟ್ಟಿದರೆ ಕೂಡಿಕೊಳ್ಳುತ್ತದೆ. ಅದಕ್ಕೇ ವಿದ್ಯೆ ಬಲ್ಲವನನ್ನು ಮುಗಿಸಬೇಕಾದರೆ ತುಂಡು ನೆಲಕ್ಕೆ ಬೀಳದ ಹಾಗೆ ಮೇಲೇ ತೂಗುಹಾಕಬೇಕು ಅಂತ ಜನರ ನಂಬಿಕೆ. ನಮ್ಮವನಿಗೆ ದಿಕ್ಕಿನ ತೊಂದರೆ, ಅವರವನಿಗೆ ಮಣ್ಣಿನ ತೊಂದರೆ. ಇಷ್ಟೆಲ್ಲಾ ದೊಡ್ಡ ವರ ಕೊಡುವವರು ಯಾವಾಗಲೂ ಒಂದು ಸಣ್ಣ ತೂತು ಬಿಟ್ಟೇ ಕೊಡುತ್ತಾರೆ. ಇಲ್ಲದಿದ್ದರೆ ಪಿಕ್ಚರ್ ಮುಗಿಯುವುದಾದರೂ ಹೇಗೆ?

ಇಷ್ಟು ನೋಡಿದ ಮೇಲೆ ಜಾಕಾ ಜನಪದದ ವೀರ ಅಂತಲೇ ಅಂದುಕೊಂಡಿದ್ದೆ. ಅಲ್ಲವಂತೆ. ಜೈರ್ ವಾರ್ನಿ ಎಂಬ ಕಲಾವಿದ 1968ರಲ್ಲಿ ಬರೆದ ಕಾಮಿಕ್ಸಿನವನು. ಆಗ ಅಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದವು. ಸಿಲಾಟ್ ಕಾಮಿಕ್ಸು ಅಲ್ಲಿಂದ ಕೈಯಿಂದ ಕೈಗೆ ಓಡಾಡುತ್ತಿತ್ತು. ಹಾಗೆ ಓಡಾಡಿ ಓಡಾಡಿ ಅವನು ಜನಪದಕ್ಕೂ ಸೇರಿಬಿಟ್ಟ, ಗಾದೆಗೂ ಸೇರಿಬಿಟ್ಟ.

ನಿಜವಾಗಿ ಬದುಕಿದ್ದ ವೀರ ಪಿತುಂಗ್. ಈಗಿನ ಜಕಾರ್ತಾಕ್ಕೆ ಬಟಾವಿಯಾ ಅಂತ ಹೆಸರಿದ್ದ ಕಾಲದವನು, ರಾವಾ ಬೆಲೊಂಗಿನವನು. ಉಳ್ಳವರನ್ನು ದೋಚುತ್ತಿದ್ದ. ಇಲ್ಲದವರಿಗೆ ಹಂಚುತ್ತಿದ್ದ ಅಂತ ಕಥೆ. ಕಂಪನಿ ನಾಟಕದಲ್ಲಿ ಸಿಂಧೂರ ಲಕ್ಷ್ಮಣನನ್ನು ನೋಡಿದವರಿಗೆ ಇವನನ್ನು ಬಿಡಿಸಿ ಹೇಳಬೇಕಾಗಿಲ್ಲ. 1893ರಲ್ಲಿ ಪೊಲೀಸರು ಗುಂಡಿಕ್ಕಿ ಕೊಂದರು. ಮಾಮೂಲಿ ಗುಂಡು ಅವನಿಗೆ ತಾಗುತ್ತಿರಲಿಲ್ಲ, ಚಿನ್ನದ ಗುಂಡೇ ಬೇಕಾಯಿತು ಅನ್ನುತ್ತಾರೆ ಜನ. ಅವನಿಗೂ ರಾವಾ ರೊಂಟೆಕ್ ಗೊತ್ತಿತ್ತು, ಎದ್ದು ಬಂದಾನೆಂದು ಗೋರಿಗೆ ಕಾವಲು ಹಾಕಿದ್ದರು ಅಂತಲೂ ಹೇಳುವವರಿದ್ದಾರೆ.

ಪಿತುಂಗ್ ಮೇಲೆ 1970ರಲ್ಲಿ ಒಂದು ಸಿನಿಮಾ ಬಂತು. ಪಿತುಂಗ್ ಆಗಿದ್ದವರು ಡಿಕಿ ಝುಲ್ಕರ್ನೇನ್. ಊರೂರಲ್ಲಿ ಹೆಸರಾಯಿತು. ಡಚ್ಚರ ವಿರುದ್ಧ ನಿಂತ ಮುಖ ಅಂದರೆ ಅದೇ ಮುಖ. ಹನ್ನೊಂದು ವರ್ಷ ಆದಮೇಲೆ ಜಾಕಾ ಸೆಂಬುಂಗ್ ಸಿನಿಮಾದಲ್ಲಿ ಆ ಡಚ್ ಕ್ಯಾಪ್ಟನ್ ವಾನ್ ಶ್ರಾಮ್ ಆಗಿ ನಿಂತವರು ಯಾರು? ಅದೇ ಡಿಕಿ ಝುಲ್ಕರ್ನೇನ್.

ಇನ್ನು ಅವನನ್ನು ಎದುರಿಸುವ ಬ್ಯಾರಿ ಪ್ರೀಮಾ. ಹುಟ್ಟಿದ್ದು ಬಾಂಡುಂಗಿನಲ್ಲಿ, ನಿಜವಾದ ಹೆಸರು ಹ್ಯೂಬರ್ಟಸ್ ಕ್ನೋಖ್. ಮೈಯಲ್ಲಿ ಯುರೋಪಿನ ರಕ್ತ ಇದ್ದವನು. ಅಂದರೆ ಹೆಸರಿನಲ್ಲೇ ಯುರೋಪ್ ಇರುವವನು ಜಾವಾದ ಹಳ್ಳಿ ಹುಡುಗನಾಗಿ, ನಿನ್ನೆ ಮೊನ್ನೆಯ ಪಿತುಂಗನನ್ನು 'ತೊಲಗು ಪರಂಗಿ' ಅನ್ನೋ ಹಾಗೆ ಬಡಿಯುತ್ತಿದ್ದಾನೆ. ಅಲ್ಲಿನ ಪ್ರೇಕ್ಷಕರು ಇದಕ್ಕೆ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಮುಂದಿನ ಭಾಗಗಳೂ ಬಂದವು. 1983ರದರಲ್ಲಂತೂ ಬೇರೊಂದು ಕಾಮಿಕ್ಸಿನ ಕುರುಡ ವೀರನನ್ನೇ ಕರೆತಂದು ಜಾಕಾನ ಎದುರು ನಿಲ್ಲಿಸಿದರು.

ಇದನ್ನೆಲ್ಲಾ ಅಮ್ಮನಿಗೆ ವಿವರಿಸಿದೆ. ಅವರು ಕ್ಯಾಪ್ಟನ್ನನ್ನು ಒಮ್ಮೆ ದಿಟ್ಟಿಸಿ, "ನಾನು ಆಗ್ಲೇ ಅಂದ್ಕೊಂಡೆ, ಇವನು ದೊರೆ ಥರ ಇಲ್ವಲ್ಲ ಅಂತ" ಅಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ವಾರದ ಮೀಟಿಂಗಿನಲ್ಲಿ ಶೀಟು ತೆರೆಯುವ ಮೊದಲೇ ಜರಾಸಂಧನ ಮಾತೆತ್ತಿದೆ. ಸಂಬಂಧ ಇಲ್ಲದ ಮಾತು, ಮತ್ತೆ ಬೈಕ್ ಹತ್ತಿಸುತ್ತಾರೆ ಅಂತ ಕಾದೆ. ಹತ್ತಿಸಲಿಲ್ಲ. "ಜರಾಸಂದಾ! ಬೀಮಾ!" ಅಂತ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಬೀಮಾ ಅಂದಾಗ ನನಗೆ ಮೊದಲು ನೆನಪಾಗಿದ್ದು ಕಟ್ಟಬೇಕಾದ ಇನ್ಶೂರೆನ್ಸ್ ಕಂತು, ಅದು ಬೇರೆ ವಿಷಯ. ಅವರ ತಾತ ರಾತ್ರಿಯೆಲ್ಲಾ ಕೂತು ವಾಯಾಂಗ್ ನೋಡುತ್ತಿದ್ದರಂತೆ. ವಾಯಾಂಗ್ ಅಂದರೆ ನಮ್ಮ ತೊಗಲು ಗೊಂಬೆಯಾಟದ ಹಾಗೆ ಪರದೆಯ ಹಿಂದೆ ದೀಪ ಇಟ್ಟು ಆಡಿಸುವ ಚರ್ಮದ ಗೊಂಬೆ. ಮಹಾಭಾರತ ಅವರಿಗೂ ಮನೆಯದೇ.

"ನಿಮ್ಮ ಬೀಮಾನಿಗೆ ತಿರುಗಿಸಿ ಎಸೆಯಬೇಕು ಅಂತ ಹೇಗೆ ಗೊತ್ತಾಯಿತು?" ಅಂತ ಕೇಳಿದರು.

"ಕೃಷ್ಣ ಹುಲ್ಲುಕಡ್ಡಿ ಸೀಳಿ ತೋರಿಸಿದ."

ಹೇಗೆ ಅಂತ ಅವರಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲೆ ಕಡ್ಡಿ ಇರಲಿಲ್ಲ. ಅಡುಗೆಮನೆಗೆ ಹೋಗಿ ನೆನೆಸಿಟ್ಟಿದ್ದ ಒಂದು ಅವರೆಕಾಳು ತಂದೆ. ಕ್ಯಾಮೆರಾ ಮುಂದೆ ಹಿಡಿದು ಹಿತಕಿ, ಬೇಳೆಯನ್ನು ಎರಡು ಹೋಳು ಮಾಡಿ, ಎಡಗೈಯದ್ದನ್ನು ಬಲಕ್ಕೆ, ಬಲಗೈಯದ್ದನ್ನು ಎಡಕ್ಕೆ ಎಸೆದೆ. ಒಂದು ಕಿಟಕಿ ಹತ್ತಿರ ಬಿತ್ತು. ಇನ್ನೊಂದು ಪ್ರಿಂಟರಿನ ಒಳಗೆ ಹೋಯಿತು, ಇನ್ನೂ ಸಿಕ್ಕಿಲ್ಲ.