ಲೆಟರ್‌ಹೆಡ್ ಇಂಟರ್ನ್‌ಶಿಪ್

ಇವತ್ತು ನನ್ನ ಮಲ್ಟಿಮೀಟರ್ ಸುಟ್ಟು ಹೋಗುವುದು ಸ್ವಲ್ಪದರಲ್ಲಿ ತಪ್ಪಿತು ಮಾರಾಯ್ರೆ.

ಮಂಗಳೂರು ಬೈಕಂಪಾಡಿಯ ನಮ್ಮ ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ) ಶಾಪಿಗೆ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದಿದ್ದ. ಎಲೆಕ್ಟ್ರಿಕಲ್ ಬಿಇ, ಫಸ್ಟ್ ಕ್ಲಾಸ್. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಯಾಕೆ ಬೇಕು ಅಂತ ಕೇಳಿದೆ. ಮೋಟಾರನ್ನು ನೇರ ಚಾಲು ಮಾಡಿದರೆ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ, ವಯರುಗಳನ್ನು ಸ್ಟಾರ್ ಜೋಡಣೆಯಲ್ಲಿ ಇಟ್ಟು ಶುರು ಮಾಡಿದರೆ ಅದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಅಂತ ಪಟಪಟ ಹೇಳಿದ. ಸರಿಯಾಗಿಯೇ ಹೇಳಿದ. ಬೇಕಾದರೆ ಸೂತ್ರ ಬರೆದು ತೋರಿಸುತ್ತೇನೆ ಸರ್ ಅಂದ.

ಸೂತ್ರ ಬೇಡಪ್ಪಾ ಅಂತ 10 ಎಚ್‌ಪಿ ಮೋಟಾರಿನ ಟರ್ಮಿನಲ್ ಬಾಕ್ಸ್ ತೆರೆದಿಟ್ಟೆ. ಆರು ತುದಿ. ಯಾವ ಮೂರನ್ನು ಸೇರಿಸಿದರೆ ಸ್ಟಾರ್? ಹುಡುಗ ನನ್ನ ಮುಖ ನೋಡಿದ. ಹೋಗಲಿ, ಸಾಕೆಟ್‌ನಲ್ಲಿ ವೋಲ್ಟೇಜ್ ಎಷ್ಟಿದೆ ನೋಡು ಅಂದೆ. ಮೀಟರಿನ ಕೆಂಪು ವಯರನ್ನು ಕರೆಂಟ್ ಅಳೆಯುವ 10 ಆಂಪಿಯರ್ ತೂತಿಗೆ ಸಿಕ್ಕಿಸಿ ಹೊರಟೇ ಬಿಟ್ಟ! ಕೈ ಹಿಡಿದು ನಿಲ್ಲಿಸಿದೆ. ಅದು ಅಳತೆಯಲ್ಲ, ಶಾರ್ಟ್ ಸರ್ಕ್ಯೂಟ್.

ಆದರೆ ಅವನ ಫೈಲಿನಲ್ಲಿ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಇತ್ತು. ಮೋಟಾರ್ ರಿಪೇರಿಯಲ್ಲಿ ಒಳ್ಳೆಯ ಅನುಭವವಂತೆ. ಎಷ್ಟು ದಿನ ಹೋಗಿದ್ದೆ ಮಗ ಅಂತ ಕೇಳಿದೆ. "ಎರಡು ದಿನ ಸರ್. ಲೆಟರ್ ಕೊಡ್ಲಿಕ್ಕೆ ಒಂದು ದಿನ, ಸರ್ಟಿಫಿಕೇಟ್ ತರ್ಲಿಕ್ಕೆ ಒಂದು ದಿನ." ಪಾಪ, ಸುಳ್ಳು ಹೇಳಲಿಲ್ಲ.

ಕಾಲೇಜು ಇರುವುದು ಥಿಯರಿಗೆ, ಕೆಲಸ ಕಂಪನಿಯವರು ಕಲಿಸಿಕೊಳ್ಳಲಿ ಅಂತ ಕೆಲವರು ಹೇಳುತ್ತಾರೆ. ಆಯ್ತು. ಹಾಗಾದರೆ ಇಂಜಿನಿಯರಿಂಗ್ ಕಾಲೇಜುಗಳ ಯೂನಿವರ್ಸಿಟಿ ವಿಟಿಯು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದು ಎಂತಕ್ಕೆ, ಚಂದಕ್ಕಾ? ಸ್ಟೈಪೆಂಡ್ ಕೊಟ್ಟು ಕಲಿಸುವ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 1973ರಲ್ಲಿ ಬಿಇ, ಡಿಪ್ಲೊಮಾದವರನ್ನೂ ಅದರೊಳಗೆ ತಂದರು. ದಾರಿ ಇಲ್ಲದೆ ಅಲ್ಲ. ಸೀಲ್ ಒತ್ತಿಸಿಕೊಳ್ಳುವುದು ಸುಲಭ, ಅಷ್ಟೇ.

ಸರ್ಟಿಫಿಕೇಟಿನ ಮೇಲಿದ್ದ ಸೀಲ್ ನನ್ನ ದೋಸ್ತಿಯ ಶಾಪಿನದು. ಸಿಟ್ಟಿನಲ್ಲಿ ಫೋನ್ ಮಾಡಿ ಬೈದೆ. ಅವನು ನಗಾಡಿದ. "ಕಳೆದ ವರ್ಷ ನಿನ್ನ ಭಾವನ ಮಗನಿಗೆ ನೀನು ಕೊಟ್ಟದ್ದು ಎಂತ ಮಾರಾಯಾ?"

ಕೊಟ್ಟಿದ್ದೆ. ಅವನಿಗೊಂದು, ಅವನ ಫ್ರೆಂಡಿಗೊಂದು. ಇಬ್ಬರೂ ಶಾಪಿನ ಹೊಸ್ತಿಲು ದಾಟಿದವರಲ್ಲ. ಸಂಬಂಧ ಕೆಡಬಾರದಲ್ವಾ ಅಂತ ಸುಮ್ನೆ ಸೈನ್ ಹಾಕಿದ್ದೆ. ಕಾಲೇಜಿನವರೂ ಯಾರೂ ಫೋನ್ ಮಾಡಿ ವಿಚಾರಿಸಲಿಲ್ಲ.

ಹುಡುಗನಿಗೆ ಸೋಮವಾರದಿಂದ ಬಾ ಅಂದಿದ್ದೇನೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ ಅಂತಲೂ. ಇನ್ನು ಲೆಟರ್‌ಹೆಡ್‌ಗೆ ಫೋನ್ ಮಾಡುವ ಬಂಧು ಮಿತ್ರರೇ, ಮಕ್ಕಳನ್ನೇ ಕಳಿಸಿ. ಚಾ ನನ್ನದು.