ನೀನು ತಂದಿರ್ತೀಯ ಅಂದ್ಕೊಂಡಿದ್ದೆ

ಆಸ್ಟ್ರೇಲಿಯಾದ ಔಟ್‌ಬ್ಯಾಕ್ ಎಂಬ ಒಳನಾಡಿನ ಬಯಲಿಗೆ ಟೆಂಟು ಕಟ್ಟಿಕೊಂಡು ಹೊರಡುವ ಪ್ರತಿ ಗೆಳೆಯರ ಗುಂಪಿಗೂ ಒಂದು ವಾಟ್ಸಾಪ್ ಗ್ರೂಪ್ ಇರುತ್ತದೆ. ಗ್ರೂಪಿನಲ್ಲಿ ಸಾಮಾನಿನ ಪಟ್ಟಿ ಇರುತ್ತದೆ. ಪಟ್ಟಿಯ ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿರುತ್ತಾರೆ. ಎತ್ತಿದವರಲ್ಲಿ ಒಬ್ಬನೂ ಪಟ್ಟಿ ಓದಿರುವುದಿಲ್ಲ. ಹಾಗಾಗಿ ಜುಲೈ ರಜೆಯಲ್ಲಿ ಮೆಲ್ಬರ್ನ್‌ನಿಂದ ಸಿಂಪ್ಸನ್ ಮರುಭೂಮಿಯತ್ತ ಹೊರಟ ಎರಡು ಗಾಡಿಗಳ ಲೆಕ್ಕ ತೆಗೆದರೆ: ಪುಳಿಯೋಗರೆ ಗೊಜ್ಜು ನಾಲ್ಕು ಬಾಟಲಿ, ಟಾರ್ಚು ಒಂಬತ್ತು, ಇಸ್ಪೀಟು ಮೂರು ಕಟ್ಟು, ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ಸೊನ್ನೆ. ಇದು ಗೊತ್ತಾಗುವುದು ಹತ್ತಿರದ ಅಂಗಡಿ ಇನ್ನೂರು ಕಿ.ಮೀ. ಆಚೆ ಇರುವಾಗ. ಆಗ ಬರುವ ಮಾತು ಎಲ್ಲ ಗುಂಪಿನಲ್ಲೂ ಒಂದೇ: "ನೀನು ತಂದಿರ್ತೀಯ ಅಂದ್ಕೊಂಡಿದ್ದೆ, ಮಗಾ."

ಸಿಂಪ್ಸನ್‌ನಲ್ಲಿ ಒಂದರ ಪಕ್ಕ ಒಂದರಂತೆ 1,100ಕ್ಕೂ ಹೆಚ್ಚು ಮರಳ ದಿಬ್ಬಗಳಿವೆ. ಗಾಡಿ ಕೆಟ್ಟಾಗಲೆಲ್ಲ ಜನ ಅವುಗಳ ಮೇಲೆ ಅಪವಾದ ಹಾಕುತ್ತಾರೆ. ಪಾಪ, ಅವು ಇದ್ದಲ್ಲೇ ಇರುತ್ತವೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮರುಭೂಮಿಗೆ ಬಾಗಿಲು ಹಾಕಿರುತ್ತಾರೆ. ದಾರಿಯಲ್ಲಿ ಸಿಗುವ ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ ಎಂದ ಮೇಲೆ ಆ ಬಾಗಿಲು ಯಾಕೆಂದು ಯಾರೂ ಕೇಳಬೇಕಿಲ್ಲ.

ಮೊದಲ ನಷ್ಟ ಮರುಭೂಮಿ ಮುಟ್ಟುವ ಎಷ್ಟೋ ಮುಂಚೆಯೇ ಆಗುತ್ತದೆ. ಮಿಲ್ಡೂರಾ ದಾಟಿ ಸ್ಟರ್ಟ್ ಹೆದ್ದಾರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಕಾಲಿಟ್ಟ ಕೂಡಲೇ ಯಾಂಬಾ ಎಂಬಲ್ಲಿ, ಹಣ್ಣುನೊಣ ಒಳಗೆ ಬರದಿರಲೆಂದು ತಪಾಸಣೆ. ಹಣ್ಣು ಮಾತ್ರ ತಾನೇ ಎಂದುಕೊಂಡಿರುತ್ತಾರೆ. ಟೊಮೆಟೊ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಎಲ್ಲವೂ ಅಲ್ಲಿಯ ಡಬ್ಬಕ್ಕೆ ಹೋಗುತ್ತವೆ. ಅಲ್ಲಿಂದ ಮುಂದಿನ ಹತ್ತು ದಿನ ಸಾರು ಹುಣಸೆಹಣ್ಣಿನ ಕೃಪೆ.

ನಿಜವಾದ ಪೆಟ್ಟು ಬೀಳುವುದು ಊಡ್ನಡಾಟಾ ಟ್ರ್ಯಾಕ್‌ನಲ್ಲಿ. ಮರ‍್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿ.ಮೀ. ಮಣ್ಣಿನ ದಾರಿ. ಜಿಂಕ್ ಶೀಟನ್ನು ರಸ್ತೆಗೆ ಅಡ್ಡಡ್ಡ ಹಾಸಿದ ಹಾಗೆ ಸಾಲುಸಾಲು ಏಣುಗಳು. ಇದಕ್ಕೆ ಕೊರುಗೇಶನ್ ಎನ್ನುತ್ತಾರೆ. ಇದನ್ನು ಮಾಡಿದ್ದು ಮಳೆಯಲ್ಲ, ಗಾಡಿಗಳೇ: ಸಣ್ಣ ಉಬ್ಬೊಂದನ್ನು ಹಾರಿದ ಚಕ್ರ ಕೆಳಗಿಳಿಯುವಾಗ ಮಣ್ಣು ಅಗೆಯುತ್ತದೆ, ಅಗೆದ ಮಣ್ಣು ಮುಂದಿನ ಉಬ್ಬಾಗುತ್ತದೆ, ಹಿಂದೆ ಬಂದವನು ಅದನ್ನು ಹಾರುತ್ತಾನೆ. ನಿಧಾನ ಹೋದರೆ ಹಲ್ಲು ಉದುರುತ್ತದೆ ಎನಿಸುತ್ತದೆ. ಗಂಟೆಗೆ 70–80 ಕಿ.ಮೀ.ನಲ್ಲಿ ಟಯರು ಏಣಿನ ನೆತ್ತಿಯಿಂದ ನೆತ್ತಿಗೆ ಜಿಗಿಯುವುದರಿಂದ ಒಳಗೆ ಹಾಯೆನಿಸುತ್ತದೆ. ಆದರೆ ಟಯರು ಅರ್ಧ ಹೊತ್ತು ನೆಲದ ಮೇಲೇ ಇಲ್ಲದ ಕಾರಣ ಬ್ರೇಕೂ ಸ್ಟೀರಿಂಗೂ ನೆಪಮಾತ್ರ. ಟಾರು ರಸ್ತೆಯಲ್ಲಿ 38 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಗಾಳಿಯನ್ನು 26–28ಕ್ಕೆ ಇಳಿಸಿದರೆ ಅರ್ಧ ನಡುಕವನ್ನು ಟಯರೇ ನುಂಗುತ್ತದೆ. ಇಳಿಸದವನ ಶಾಕ್ ಅಬ್ಸಾರ್ಬರ್ ಕೈಯಿಟ್ಟರೆ ಸುಡುವಷ್ಟು ಕಾದು, ಎಣ್ಣೆ ಕಾರಿ, ಕೊನೆಗೆ ಬರೀ ಕಬ್ಬಿಣದ ಕೊಳವೆಯಾಗಿ ಉಳಿಯುತ್ತದೆ.

ಆ ನಡುಕಕ್ಕೆ ಅದರದೇ ಒಂದು ಕೈಚಳಕವಿದೆ. ಎಷ್ಟು ಬಿಗಿಯಾಗಿ ಮುಚ್ಚಿದ ಬಾಟಲಿಯ ಮುಚ್ಚಳವನ್ನೂ ಅದು ತಾಳ್ಮೆಯಿಂದ ಬಿಚ್ಚುತ್ತದೆ. ತುಪ್ಪ ಮಲಗುವ ಚೀಲಕ್ಕೆ ಹೋಗುತ್ತದೆ. ಕೂಲ್‌ಡ್ರಿಂಕ್ ಕ್ಯಾನುಗಳು ಒಂದಕ್ಕೊಂದು ಉಜ್ಜಿ ತೂತು ಬಿದ್ದು ಒಳಗಿನದೆಲ್ಲ ಸೋರುತ್ತದೆ. ಅವುಗಳ ನಡುವೆ ಹಳೆಯ ಪಂಚೆ ತುರುಕದವರು ಸಂಜೆ ಖಾಲಿ ಕ್ಯಾನುಗಳನ್ನು ತಣ್ಣಗೆ ಇಟ್ಟುಕೊಂಡಿರುತ್ತಾರೆ. ಫ್ರಿಜ್ಜಿನ ಪ್ಲಗ್ಗು ಸಿಗರೇಟ್ ಸಾಕೆಟ್ಟಿನಿಂದ ಅರ್ಧ ಇಂಚು ಹೊರಬರುತ್ತದೆ, ಅದು ಗೊತ್ತಾಗುವುದು ಮೊಸರಿನ ವಾಸನೆಯಿಂದ. ಬುಲ್‌ಡಸ್ಟ್ ಎಂಬ ಟಾಲ್ಕಂ ಪೌಡರಿನಂಥ ಕೆಂಪು ಧೂಳು ಹಿಂಬಾಗಿಲ ರಬ್ಬರಿನ ಸಂದಿಯಿಂದ ಒಳಬಂದು ಉಪ್ಪಿಟ್ಟಿನ ರವೆಯೊಂದಿಗೆ ಬೆರೆಯುತ್ತದೆ. ಕಿಟಕಿ ಮುಚ್ಚಿ, ಹೊರಗಾಳಿ ಎಳೆಯುವ ಹಾಗೆ ಬ್ಲೋವರ್ ಜೋರಾಗಿ ಹಾಕಿದರೆ ಒಳಗಿನ ಒತ್ತಡ ಹೆಚ್ಚಿ ಧೂಳು ಅಷ್ಟಾಗಿ ನುಗ್ಗುವುದಿಲ್ಲ. ಗಾಳಿ ಬೇಕೆಂದು ಹಿಂದಿನ ಕಿಟಕಿ ಒಂದಿಂಚು ಇಳಿಸುವ ಒಬ್ಬ ಗೆಳೆಯ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಆ ರಾತ್ರಿ ಅವನಿಗೇ ಮೊದಲು ಬಡಿಸಬೇಕು.

ಇದೆಲ್ಲ ತಮಾಷೆ. ಬ್ಯಾಟರಿಯದು ತಮಾಷೆಯಲ್ಲ. ಡಲ್‌ಹೌಸಿ ಸ್ಪ್ರಿಂಗ್ಸ್‌ನಲ್ಲಿ ನೆಲದಿಂದ 34–38 ಡಿಗ್ರಿಯ ನೀರು ಬರುತ್ತದೆ. ಜುಲೈ ಬೆಳಗ್ಗೆ ಹೊರಗೆ ಸೊನ್ನೆಯ ಆಸುಪಾಸು. ಅಭ್ಯಂಜನಕ್ಕೆ ಇಳಿದವರು ಮೇಲೇಳುವುದಿಲ್ಲ. ಒಂದು ರಾತ್ರಿ ಎಂದವರು ಎರಡು ರಾತ್ರಿ ಉಳಿಯುತ್ತಾರೆ. ಅಷ್ಟೂ ಹೊತ್ತು ಇಂಜಿನ್ ನಿಂತಿರುತ್ತದೆ, ಫ್ರಿಜ್ಜು ಓಡುತ್ತಿರುತ್ತದೆ. ಐವತ್ತು ಲೀಟರಿನ ಫ್ರಿಜ್ಜು ಸರಾಸರಿ ಎರಡು ಆಂಪಿಯರ್ ಎಳೆದರೂ ದಿನಕ್ಕೆ 48 ಆಂಪಿಯರ್-ಅವರ್. ಎರಡನೇ ಬ್ಯಾಟರಿ ಇಲ್ಲದ ಗಾಡಿಯಲ್ಲಿ ಸ್ಟಾರ್ಟಿಂಗ್ ಬ್ಯಾಟರಿ ಅಷ್ಟು ಕೊಟ್ಟ ಮೇಲೆ ಬೆಳಗ್ಗೆ ಕೀ ತಿರುಗಿಸಿದರೆ ಟಿಕ್ ಎನ್ನುತ್ತದೆ, ಅಷ್ಟೇ. ಸೆಲ್ಫ್ ಎತ್ತುವುದಿಲ್ಲ. ಫ್ರಿಜ್ಜಿನ ಮೇಲೆ ಲೋ, ಮೀಡಿಯಂ, ಹೈ ಎಂಬ ವೋಲ್ಟೇಜ್ ಕಟ್-ಆಫ್ ಇರುತ್ತದೆ. ಹೈನಲ್ಲಿಟ್ಟರೆ ಸ್ಟಾರ್ಟಿಗೆ ಬೇಕಾದಷ್ಟು ಉಳಿಸಿ ತಾನೇ ಆರುತ್ತದೆ. ಫ್ರಿಜ್ಜು ಆಗಾಗ ಆರುತ್ತದೆ ಎಂದು ಲೋಗೆ ಇಟ್ಟವನು ಜಾಣನಲ್ಲ.

ಆದರೆ ಜಂಪರ್ ಕೇಬಲ್ ಹುಡುಕುವ ಮೊದಲು ಬ್ಯಾಟರಿಯ ತುದಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಅಲ್ಲಾಡಿದರೆ ತಪ್ಪು ಫ್ರಿಜ್ಜಿನದಲ್ಲ, ಕೊರುಗೇಶನ್‌ನದು. ಬಿಗಿ ಮಾಡಲು ಬೇಕಾದ್ದು 10 ಎಂ.ಎಂ. ಸ್ಪ್ಯಾನರ್ ಒಂದೇ. ಜಗತ್ತಿನ ಎಲ್ಲ ಟೂಲ್ ಕಿಟ್‌ಗಳಲ್ಲೂ ಇಲ್ಲದಿರುವ ಸ್ಪ್ಯಾನರ್ ಕೂಡ ಅದೇ. ಬ್ಯಾಟರಿ ನಿಜವಾಗಿ ಇಳಿದಿದ್ದರೆ ಕ್ರಮ ಹೀಗೆ: ಕೆಂಪು ಕ್ಲಿಪ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ಕಪ್ಪು ಸತ್ತ ಗಾಡಿಯ ಇಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ತುದಿಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿ ಹೈಡ್ರೋಜನ್ ಬಿಡುತ್ತಿರುತ್ತದೆ. ಎರಡೂ ಒಂದೇ ಕಡೆ ಸೇರಬಾರದು. ಬಿಚ್ಚುವಾಗ ಉಲ್ಟಾ ಕ್ರಮ. ಸಾಮಾನ್ಯವಾಗಿ ಕೇಬಲ್ ಎರಡು ಮೀಟರ್ ಇರುತ್ತದೆ, ಒಂದು ಗಾಡಿಯ ಬ್ಯಾಟರಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಗಾಡಿಗಳು ಮೂಗಿಗೆ ಮೂಗು ತಾಗಿಸಿ ನಿಂತರೂ ಒಂದು ಗೇಣು ಸಾಲುವುದಿಲ್ಲ.

ಪಂಕ್ಚರ್ ಆಗುವುದು ಖಂಡಿತ, ಅದರ ಬಗ್ಗೆ ಗಾಬರಿ ಬೇಡ. ಟಯರಿನ ಅಡಿಗೆ ಮೊಳೆ ಚುಚ್ಚಿದ್ದರೆ ಗಾಡಿಯಲ್ಲೇ ಪ್ಲಗ್ ಹಾಕಬಹುದು. ಮೊಳೆ ಕೀಳುವ ಮೊದಲೇ ಅಂಟು ಹಗ್ಗವನ್ನು ಸೂಜಿಗೆ ಪೋಣಿಸಿಟ್ಟುಕೊಳ್ಳಬೇಕು. ಕಿತ್ತು, ತೂತನ್ನು ಅರದಿಂದ ಉಜ್ಜಿ, ಹಗ್ಗದ ತುದಿ ಒಂದೂವರೆ ಸೆಂಟಿಮೀಟರ್ ಹೊರಗುಳಿಯುವ ತನಕ ಒತ್ತಿ, ಸೂಜಿಯನ್ನು ಒಂದೇ ಜಗ್ಗಿಗೆ ಎಳೆಯಬೇಕು. ಉಗುಳು ಹಚ್ಚಿದಾಗ ಗುಳ್ಳೆ ಬರದಿದ್ದರೆ ಆಯಿತು. ಆಮೇಲೆ ಗಾಳಿ ತುಂಬಬೇಕು. ಕಂಪ್ರೆಸರಿನ ವಿಷಯ ಆಗಲೇ ಹೇಳಿದೆ.

ಟಯರಿನ ಪಕ್ಕೆ ಸೀಳಿದ್ದರೆ ಸ್ಟೆಪ್ನಿಯೇ ಗತಿ. ಸ್ಟೆಪ್ನಿ ಗಾಡಿಯ ಹೊಟ್ಟೆಯಡಿ ಸರಪಳಿಯಲ್ಲಿ ನೇತಾಡುತ್ತಿರುತ್ತದೆ. ಅದನ್ನು ಇಳಿಸುವ ಸಲಾಕೆ ಹಿಂದಿನ ಸೀಟಿನಡಿ, ಸೀಟಿನ ಮೇಲೆ ನೀರು, ಅದರ ಮೇಲೆ ಅಕ್ಕಿ, ಎಲ್ಲಕ್ಕೂ ಮೇಲೆ ತುಪ್ಪ ಕುಡಿದ ಮಲಗುವ ಚೀಲ. ಜಾಕಿ ಇಟ್ಟು ಎತ್ತಿದರೆ ಗಾಡಿ ಮೇಲೇಳುವ ಬದಲು ಜಾಕಿ ಕೆಳಗಿಳಿಯುತ್ತದೆ. ಅದರಡಿಗೆ 40 ಸೆಂ.ಮೀ. ಚೌಕದ ದಪ್ಪ ಪ್ಲೈವುಡ್ ಬೇಕು; ಚಪಾತಿ ಮಣೆ ಸಾಲುವುದಿಲ್ಲ, ಹೋಳಾಗುತ್ತದೆ. ನಟ್ಟುಗಳನ್ನು ಎತ್ತುವ ಮೊದಲೇ, ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಬೇಕು. ಐದು ನಟ್ಟು ಸಲೀಸಾಗಿ ಬರುತ್ತವೆ. ಆರನೆಯದು ಕಳ್ಳರು ಚಕ್ರ ಕದಿಯದಿರಲೆಂದು ಹಾಕಿಸಿದ ಲಾಕ್ ನಟ್ಟು. ಅದರ ಕೀ ಮೆಲ್ಬರ್ನಿನ ಮನೆಯ ಡ್ರಾಯರಿನಲ್ಲಿ ಭದ್ರವಾಗಿರುತ್ತದೆ. ಮನುಷ್ಯರೇ ಇಲ್ಲದ ಜಾಗದಲ್ಲಿ ಚಕ್ರ ಕಳ್ಳತನವಾಗದ ಹಾಗೆ ಕಾಪಾಡಿದ ತೃಪ್ತಿ ದೊಡ್ಡದು. ಹೊರಡುವ ಹಿಂದಿನ ದಿನ ಅಂಗಳದಲ್ಲಿ ಒಮ್ಮೆ ಚಕ್ರ ಬಿಚ್ಚಿ ಹಾಕಿದವನಿಗೆ ಈ ತೃಪ್ತಿ ಸಿಗುವುದಿಲ್ಲ. ಹೊಸ ಚಕ್ರದ ನಟ್ಟುಗಳನ್ನು ಒಂದು ಬಿಟ್ಟು ಎದುರಿನದು ಎಂಬ ಹಾಗೆ ಬಿಗಿದು, ಐವತ್ತು ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿಯಬೇಕು.

ಮರುಭೂಮಿಯ ಪಶ್ಚಿಮದ ಅಂಚಿನ ಮೌಂಟ್ ಡೇರ್‌ನಲ್ಲಿ ಡೀಸೆಲ್ ತುಂಬಿಸಿದರೆ ಮುಂದಿನ ಬಂಕು ಪೂರ್ವದ ಅಂಚಿನ ಬರ್ಡ್ಸ್‌ವಿಲ್‌ನಲ್ಲಿ, ನಡುವೆ ಏನೂ ಇಲ್ಲ. ಹೆದ್ದಾರಿಯಲ್ಲಿ ನೂರು ಕಿ.ಮೀ.ಗೆ 12 ಲೀಟರ್ ಕುಡಿಯುವ ಗಾಡಿ ಮರಳಲ್ಲಿ 18–20 ಲೀಟರ್ ಕೇಳುತ್ತದೆ. ದಿಬ್ಬಗಳ ಪೂರ್ವದ ಮುಖ ಕಡಿದು, ಪಶ್ಚಿಮದ್ದು ಇಳಿಜಾರು. ಅದಕ್ಕೇ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದು ಸುಲಭ. ಇಲ್ಲಿ ಟಯರನ್ನು 16–18 ಪಿಎಸ್‌ಐಗೆ ಇಳಿಸಬೇಕು; ಟಯರು ಉದ್ದಕ್ಕೆ ಹರಡಿ ಮರಳಿನ ಮೇಲೆ ತೇಲುತ್ತದೆ. ಇಳಿಸಲು ಕಂಪ್ರೆಸರ್ ಬೇಡ, ಮನೆ ಕೀ ಸಾಕು. ಹಾಗಾಗಿ ಪಂಕ್ಚರ್ ಆಗದವರಿಗೆ ಇಲ್ಲಿಯವರೆಗೂ ಅದರ ನೆನಪಾಗಿರುವುದಿಲ್ಲ. ನೆಲದಿಂದ ಮೂರೂವರೆ ಮೀಟರ್ ಎತ್ತರದ ಬಾವುಟ ಕಟ್ಟಬೇಕು, ಯಾಕೆಂದರೆ ದಿಬ್ಬದ ನೆತ್ತಿಯಲ್ಲಿ ಎದುರಿನವನ ಬಾನೆಟ್ಟಿಗಿಂತ ಮೊದಲು ಬಾವುಟ ಕಾಣಬೇಕು. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋ 10ನೇ ಚಾನೆಲ್‌ನಲ್ಲಿರಬೇಕು. ಅಲ್ಲಿ ಕನ್ನಡದಲ್ಲಿ ಬೈದುಕೊಂಡರೆ ಯಾರಿಗೂ ತಿಳಿಯದು ಎಂಬ ಧೈರ್ಯ ಒಳ್ಳೆಯದಲ್ಲ. ಹಿಂದಿನ ದಿಬ್ಬದಾಚೆ ಅಡಿಲೇಡಿನ ಇನ್ನೊಂದು ಕನ್ನಡದ ಗುಂಪು ಇರಬಹುದು.

ಮೊದಲ ದಿಬ್ಬದಲ್ಲೇ ಹೂತುಕೊಂಡರೆ ಬಗ್ಗಿ ಮುಂಚಕ್ರದ ಹಬ್ ನೋಡಿ. ಹಳೆಯ ಲ್ಯಾಂಡ್‌ಕ್ರೂಸರ್, ಪ್ಯಾಟ್ರೋಲ್‌ಗಳಲ್ಲಿ ನಾಲ್ಕೂ ಚಕ್ರ ಎಳೆಯಲೆಂದು ಒಳಗೆ ಫೋರ್-ವೀಲ್ ಲಿವರ್ ಎಳೆದರೆ ಸಾಲದು, ಇಳಿದು ಹಬ್ಬಿನ ಗುಂಡಿಯನ್ನು ‘ಫ್ರೀ’ಯಿಂದ ‘ಲಾಕ್’ಗೆ ತಿರುಗಿಸಬೇಕು. ಅದು ಫ್ರೀನಲ್ಲಿದ್ದರೆ ಅರ್ಧ ಗಂಟೆ ಭೂಮಿ ಅಗೆದದ್ದು ಹಿಂಚಕ್ರ ಎರಡೇ. ಇದನ್ನು ಕಂಡುಹಿಡಿದವನು ಯಾರಿಗೂ ಹೇಳದೆ ಮೆಲ್ಲಗೆ ತಿರುಗಿಸಿ, "ಇನ್ನೊಂದ್ಸಲ ಟ್ರೈ ಮಾಡಣ ಗುರು" ಎನ್ನುತ್ತಾನೆ.

ಎಳೆಯಬೇಕಾಗಿ ಬಂದರೆ ಒಂದು ಮಾತಿಗೆ ನಗು ನಿಲ್ಲಿಸೋಣ. ಸ್ನ್ಯಾಚ್ ಪಟ್ಟಿ ರಬ್ಬರಿನಂತೆ ಐದರಲ್ಲೊಂದು ಪಾಲು ಹಿಗ್ಗುತ್ತದೆ. ಅದನ್ನು ಟ್ರೈಲರ್ ಎಳೆಯುವ ಟೋ-ಬಾಲ್ ಎಂಬ ಕಬ್ಬಿಣದ ಗುಂಡಿಗೆ ಸಿಕ್ಕಿಸಬಾರದು. ಗುಂಡು ಮುರಿದರೆ ತೋಪಿನ ಗುಂಡಿನಂತೆ ಹಾರುತ್ತದೆ, ಜನ ಸತ್ತಿದ್ದಾರೆ. ಆ ಗುಂಡನ್ನು ಸಿಕ್ಕಿಸುವ ಹಿಚ್‌ನ ಚೌಕದೊಳಗೆ ಪಟ್ಟಿಯ ಕುಣಿಕೆ ತೂರಿಸಿ ಅದರದೇ ಪಿನ್ ಹಾಕಿ, ಪಟ್ಟಿಯ ನಡುವೆ ಒದ್ದೆ ಕಂಬಳಿ ಹೊದಿಸಿ, ವಿಡಿಯೋ ಮಾಡುವವನನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ಅಟ್ಟಿ. ಅದಕ್ಕೂ ಮೊದಲು ಸಲಿಕೆ ಹಿಡಿಯಿರಿ. ನಾಲ್ಕೂ ಚಕ್ರದ ಮುಂದೆ ಹತ್ತು ನಿಮಿಷ ಅಗೆದು, ಗಾಳಿ ಇನ್ನೆರಡು ಪಿಎಸ್‌ಐ ಇಳಿಸಿದರೆ ಹತ್ತರಲ್ಲಿ ಎಂಟು ಸಲ ಪಟ್ಟಿಯೇ ಬೇಡ. ಸಲಿಕೆಯನ್ನು ಯಾರೂ ಮೆಚ್ಚುವುದಿಲ್ಲ, ಅದರ ವಿಡಿಯೋ ಚೆನ್ನಾಗಿ ಬರುವುದಿಲ್ಲ.

ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು ಗಾಡಿಯ ಹೊಟ್ಟೆಯಲ್ಲಿ ಸೈಲೆನ್ಸರಿನ ಪಕ್ಕ ಗೂಡುಕಟ್ಟಿ ಹೊತ್ತಿಕೊಳ್ಳುತ್ತದೆ, ನಿಂತಾಗಲೆಲ್ಲ ಬಗ್ಗಿದ ತಂತಿಯಿಂದ ಎಳೆದು ತೆಗೆಯಬೇಕು. ಫ್ಯಾನ್ ಬೆಲ್ಟ್ ಹರಿದರೆ ದುಪಟ್ಟಾ ಕಟ್ಟಿ ಓಡಿಸಬಹುದು ಎಂದು ಮಾವನೊಬ್ಬ ಹೇಳಿರುತ್ತಾನೆ. ಮಾವನ ಅಂಬಾಸಿಡರಿನಲ್ಲಿ ಎರಡು-ಮೂರು ಪುಲ್ಲಿ ಇದ್ದವು. ಈಗಿನ ಬೆಲ್ಟು ಏಳೆಂಟು ಸುತ್ತು ಹಾವಿನಂತೆ ಹೋಗುತ್ತದೆ. ದುಪಟ್ಟಾ ಉಳಿಸಿ, ಬೆಲ್ಟನ್ನೇ ಒಂದು ಹೆಚ್ಚು ತನ್ನಿ.

ಎರಡು ಗಾಡಿಗಳು ಒಂದನ್ನೊಂದು ಕಳೆದುಕೊಳ್ಳುವುದು ಇನ್ನೊಂದು ಕಲೆ. ಈ ಕಡೆಯ ಇತಿಹಾಸದಲ್ಲೇ ಅದಕ್ಕೆ ದೊಡ್ಡ ಮೇಲ್ಪಂಕ್ತಿಯಿದೆ. ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಖಂಡದ ಉತ್ತರದ ಕರಾವಳಿಯ ಬಳಿಗೆ ಹೋಗಿ, 1861ರ ಏಪ್ರಿಲ್ 21ರ ಸಂಜೆ ಕೂಪರ್ ಕ್ರೀಕ್‌ನ ಶಿಬಿರಕ್ಕೆ ಹಸಿದು ಮರಳಿದರು. ನಾಲ್ಕು ತಿಂಗಳು ಕಾದಿದ್ದ ಜೊತೆಗಾರರು ಅದೇ ಬೆಳಗ್ಗೆ ಹೊರಟುಹೋಗಿದ್ದರು. ಇಬ್ಬರೂ ಬದುಕಲಿಲ್ಲ. ಯಾಂಡ್ರುವಾಂಡ್ಹಾ ಎಂಬ ಮೂಲನಿವಾಸಿ ಜನ ಊಟ ಕೊಟ್ಟು ಸಾಕಿದ್ದರಿಂದ ಅವರ ಜೊತೆಗಿದ್ದ ಕಿಂಗ್ ಎಂಬ ಒಬ್ಬ ಉಳಿದ. ಹಾಗಾಗಿ ಮುಂದಿನ ಗಾಡಿಯವನು ಪ್ರತಿ ತಿರುವಿನಲ್ಲೂ ಹಿಂದಿನ ಗಾಡಿಯ ಧೂಳು ಕಾಣುವ ತನಕ ನಿಲ್ಲಬೇಕು. ಗಾಡಿ ಪೂರ್ತಿ ಕೈಕೊಟ್ಟರೆ ಬಿಟ್ಟು ನಡೆಯಬಾರದು. ವಿಮಾನದಿಂದ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಅದಕ್ಕೇ ತಲೆಗೆ ದಿನಕ್ಕೆ ಐದಾರು ಲೀಟರಿನಂತೆ ನೀರು, ಮೇಲೆ ಕೆಲವು ದಿನದ ಹೆಚ್ಚುವರಿ. ಉಪಗ್ರಹದ ಮೂಲಕ ಸಹಾಯ ಕರೆಯುವ 406 ಮೆಗಾಹರ್ಟ್ಸ್ ಬೀಕನ್ ಪ್ರಾಣಾಪಾಯಕ್ಕೆ, ಲಾಕ್ ನಟ್ಟಿನ ಕೀಗೆ ಅಲ್ಲ.

ಮೂರು ಸೀಮೆಗಳು ಕೂಡುವ ಪೆಪ್ಪೆಲ್ ಕಾರ್ನರ್‌ನಲ್ಲಿ ಎಲ್ಲರೂ ಕಂಬ ತಬ್ಬಿ ಫೋಟೋ ತೆಗೆಸಿಕೊಳ್ಳುತ್ತಾರೆ. 1880ರಲ್ಲಿ ಸರ್ವೇಯರ್ ಪೆಪ್ಪೆಲ್ ನೆಟ್ಟ ಕಂಬ ತಪ್ಪು ಜಾಗದಲ್ಲಿತ್ತು, ಅವನ ಅಳತೆ ಸರಪಳಿ ಸವೆದು ಒಂದಿಂಚು ಉದ್ದವಾಗಿತ್ತಂತೆ. ಆಮೇಲೆ ಕಿತ್ತು ಬೇರೆಡೆ ನೆಟ್ಟರು. ಸಾಮಾನು ಪರೀಕ್ಷಿಸದೆ ಹೊರಟವರ ಕುಲಗುರು ಅಲ್ಲಿ ಸಿಗುತ್ತಾನೆ.

ಕೊನೆಯ ದಿಬ್ಬ ಬಿಗ್ ರೆಡ್, ಸುಮಾರು 40 ಮೀಟರ್. ಸಂಜೆಯಾದರೆ ಜನ ಅದರ ನೆತ್ತಿಯಲ್ಲಿ ಮಡಿಸುವ ಕುರ್ಚಿ ಹಾಕಿ ಕುಳಿತು, ಏರಲಾಗದೆ ಜಾರುವ ಗಾಡಿಗಳನ್ನು ಸಿನಿಮಾದಂತೆ ನೋಡುತ್ತಾರೆ. ಮೂರನೇ ಸಲಕ್ಕೆ ಏರಿ ಇಳಿದ ಮೇಲೆ ಬರ್ಡ್ಸ್‌ವಿಲ್ 35 ಕಿ.ಮೀ. 16 ಪಿಎಸ್‌ಐನಲ್ಲಿ ಜೋರಾಗಿ ಹೋದರೆ ಟಯರು ಕಾದು ಸಿಡಿಯುತ್ತದೆ. ಎಂಟು ಟಯರಿಗೂ ಗಾಳಿ ಬೇಕು. ಕುರ್ಚಿಯವನೊಬ್ಬ ಮಾತಿಲ್ಲದೆ ತನ್ನ ಕಂಪ್ರೆಸರ್ ಇಳಿಸಿ ಬ್ಯಾಟರಿಗೇ ನೇರ ಕ್ಲಿಪ್ ಹಾಕುತ್ತಾನೆ. ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತದೆಂದು ಅವನಿಗೆ ಗೊತ್ತು. ಟಯರಿಗೆ ಐದು ನಿಮಿಷದಂತೆ ನಲವತ್ತು ನಿಮಿಷ ಬೇಕು. ದುಡ್ಡು ಕೊಡಹೋದರೆ ತೆಗೆದುಕೊಳ್ಳುವುದಿಲ್ಲ. ಕೊಡಲು ಉಳಿದಿರುವುದು ಪುಳಿಯೋಗರೆ ಗೊಜ್ಜು. ಮುಚ್ಚಳ ತೆಗೆದುಕೊಡುವ ಕಷ್ಟವೂ ಇರುವುದಿಲ್ಲ, ಅದನ್ನು ಊಡ್ನಡಾಟಾ ಟ್ರ್ಯಾಕ್ ಆಗಲೇ ತೆಗೆದಿರುತ್ತದೆ.